ಎರಡೂ ಕಡಿ ಸಮ ಇರಬೇಕ್ರಿ

ಸಂಕ್ರಾಂತಿ ರಜೆಗೆ ಊರಿಗೆ ಬಂದಾಗ ನಾನೂ ನನ್ನ ಗೆಳೆಯನೂ ಕಲಬುರಗಿಯಿಂದ ಬೀದರ್‌ಗೆ ಬೈಕ್ ಮೇಲೆ ಹೊರಟಿದ್ವಿ. ಗೆಳೆಯ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸದವನು. ಹೊಸ ಬೈಕಿಗೆ ಅಂತ ಮೂರು ವಾರ ರಿವ್ಯೂ ಓದಿ ಎರಡು ಸ್ಯಾಡಲ್ ಬ್ಯಾಗ್ ತರಿಸಿದ್ದ. ಹೊಲಿಗೆ ಎಂಥದು, ಬಟ್ಟೆ ಎಷ್ಟು ದಪ್ಪ, ಮಳೆ ತಡೆಯುತ್ತಾ ಇಲ್ವಾ, ಎಲ್ಲ ಅವನಿಗೆ ಬಾಯಿಪಾಠ. ಬಲಗಡೆ ಬ್ಯಾಗಿನಲ್ಲಿ ಕ್ಯಾಮೆರಾ, ಟ್ರೈಪಾಡ್, ಚಾರ್ಜರ್, ನಾಲ್ಕು ಬಾಟ್ಲಿ ನೀರು. ಎಡಗಡೆ ಒಂದು ಟವೆಲ್, ಒಂದು ಜರ್ಕಿನ್, ಅಷ್ಟೇ.

ಕಮಲಾಪುರ ಮುಟ್ಟುವಷ್ಟರಲ್ಲಿ ಸುಟ್ಟ ವಾಸನೆ. ಬಲಗಡೆ ಬ್ಯಾಗು ಭಾರಕ್ಕೆ ಜಗ್ಗಿ ಸೈಲೆನ್ಸರ್ ಮೇಲೆ ಕೂತು, ಅಂಗೈ ಅಗಲದ ತೂತು ಬಿದ್ದಿತ್ತು. ರಸ್ತೆ ಬದಿ ಕೆಂಪು ಬಾಳೆಹಣ್ಣು ಮಾರುವವರ ಪಕ್ಕದಲ್ಲಿ ಬೈಕ್ ನಿಲ್ಲಿಸಿ ಚಹಾದಂಗಡಿಗೆ ಹೋದ್ವಿ. ಅಲ್ಲಿ ಕೂತಿದ್ದ ಅಜ್ಜರೊಬ್ಬರು ಬ್ಯಾಗನ್ನ ತಿರುಗಿಸಿ ಮುರುಗಿಸಿ ನೋಡಿ, “ಹಸಬಿ ಚೀಲ ಎಂದರ ನೋಡೀರೇನು? ಎರಡೂ ಕಡಿ ಸಮ ಇರಬೇಕ್ರಿ. ಇಲ್ಲಾಂದ್ರ ಚೀಲನೂ ಉಳಿಯಂಗಿಲ್ಲ, ದನದ ಬೆನ್ನೂ ಉಳಿಯಂಗಿಲ್ಲ” ಅಂದ್ರು.

ಗೆಳೆಯ ಅಲ್ಲೇ ಫೋನ್ ತೆಗೆದು ಹೊಸ ಬ್ಯಾಗು ಹುಡುಕೋಕೆ ಶುರು ಮಾಡಿದ. ಅಮೆರಿಕದ ಯಾವುದೋ ಅಂಗಡಿಯ ಪುಟ ತೆರೆದುಕೊಂಡಿತು. ಕುದುರೆ ಮೇಲೆ ಕಾಡುದಾರಿ ಸುತ್ತುವವರಿಗೆ ಚರ್ಮದ ಜೋಡಿ ಚೀಲ, ಅದರ ಪಕ್ಕದಲ್ಲೇ ಜೀನಿಗೆ ಕಟ್ಟುವ ಬಂದೂಕಿನ ಒರೆ. “ಇದರಾಗ ಟ್ರೈಪಾಡ್ ಹಿಡೀತದೇನೋ?” ಅಂತ ಕೇಳಿದ. ನಗು ಬಂತು. ಆದರೆ ನಾವು ಕೂತಿದ್ದ ಜಾಗ ನೆನಪಾಗಿ ನಗು ನಿಂತಿತು. ಕಲಬುರಗಿಯಿಂದ ಬೀದರ್‌ಗೆ ಹೋಗುವ ಈ ಸೀಮೆಯಲ್ಲಿ ನೂರಾರು ವರ್ಷ ಜನ ಇದೇ ಪ್ರಶ್ನೆ ಕೇಳಿದ್ದಾರೆ. ಯಾವ ಚೀಲ ಬಾಳಿಕೆ ಬರುತ್ತೆ? ಆಯುಧ ಎಲ್ಲಿ ಕಟ್ಟಬೇಕು? ಎಷ್ಟು ಹೊರಿಸಬಹುದು? ಅವರಿಗೆ ಇನ್ನೊಂದು ಪ್ರಶ್ನೆಯೂ ಇತ್ತು. ನಮಗೆ ಅದು ಮರೆತುಹೋಗಿದೆ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಮಾತುಗಳನ್ನೇ ನೋಡಿ. ಹಳಗನ್ನಡದಲ್ಲಿ ಕುದುರೆಯ ಬೆನ್ನಿಗೆ ಹಾಕುವುದು ‘ಪಲ್ಲಣ’, ಆಮೇಲೆ ‘ಹಲ್ಲಣ’. ಅಂದರೆ ಸುಲ್ತಾನರು ಬರುವ ಮೊದಲೇ, ಮಳಖೇಡದ ರಾಷ್ಟ್ರಕೂಟರ ಕಾಲದಲ್ಲೂ ಕಲ್ಯಾಣದ ಚಾಲುಕ್ಯರ ಕಾಲದಲ್ಲೂ ಇಲ್ಲಿ ಕುದುರೆ ಇತ್ತು, ಜೀನಿಗೆ ಕನ್ನಡದಲ್ಲಿ ಪದವೂ ಇತ್ತು. ಈಗ ನಾವು ಬಳಸುವ ಜೀನು, ಲಗಾಮು, ರಿಕಾಬು, ಸವಾರ ಇವೆಲ್ಲ ಪಾರಸಿ ದಾರಿಯಿಂದ ಬಂದವು. ಜೋಡಿ ಚೀಲಕ್ಕೆ ಉರ್ದುವಿನಲ್ಲಿ ‘ಖುರ್ಜಿ’. ಇದರ ನಂಟು ಅರಬ್ಬಿಯ ‘ಖುರ್ಜ್’ ಜತೆ. ಅದೇ ಅರಬ್ಬಿ ಪದ ಇನ್ನೊಂದು ದಿಕ್ಕಿಗೆ ಹೋಗಿ ಸ್ಪೇನಿನಲ್ಲಿ ‘ಆಲ್ಫೋರ್ಹಾ’ ಆಯಿತು, ಅಲ್ಲಿಂದ ಅಟ್ಲಾಂಟಿಕ್ ದಾಟಿ ಅಮೆರಿಕಕ್ಕೆ ಹೋಯಿತು. ಇವತ್ತಿಗೂ ಅಮೆರಿಕದಲ್ಲಿ ಹೇರುಕುದುರೆ ಹೊಡೆಯುವವರು ಆ ಚೀಲವನ್ನು ಅದೇ ಹೆಸರಿನಿಂದ ಕರೀತಾರೆ. ಗೆಳೆಯನ ಫೋನಿನಲ್ಲಿದ್ದ ಚೀಲವೂ ಕಲಬುರಗಿ ಬಜಾರಿನ ಖುರ್ಜಿಯೂ ದೂರದ ದಾಯಾದಿಗಳು!

ಆದರೆ ಅಜ್ಜ ಹೇಳಿದ ‘ಹಸಿಬೆ’ ಅಪ್ಪಟ ನಮ್ಮದು. ಉದ್ದನೆಯ ಚೀಲ, ಬಾಯಿ ತುದಿಯಲ್ಲಿಲ್ಲ, ನಡುವೆ. ಎತ್ತಿನ ಬೆನ್ನ ಮೇಲೋ ಹೆಗಲ ಮೇಲೋ ಅಡ್ಡ ಹಾಕಿದರೆ ಎರಡು ಕಡೆಗೂ ಹೊಟ್ಟೆ ಇಳಿಬೀಳುತ್ತೆ. ಬಕಲ್ ಇಲ್ಲ, ಪಟ್ಟಿ ಇಲ್ಲ. ಒಂದು ಕಡೆ ಹೆಚ್ಚಾದರೆ ಚೀಲ ಜಾರಿ ಬೀಳುತ್ತೆ, ಅಷ್ಟೇ. ಸಮ ತೂಗದೆ ದಾರಿ ಹಿಡಿಯೋಕೇ ಆಗಲ್ಲ. ಗೆಳೆಯನ ಬ್ಯಾಗಿನ ದುಬಾರಿ ಪಟ್ಟಿಗಳು ಮಾಡಿದ ತಪ್ಪು ಇದೇ. ಅಸಮ ಭಾರವನ್ನೂ ಅವು ಹಿಡಿದುಕೊಂಡವು, ತಪ್ಪು ಗೊತ್ತಾಗುವಷ್ಟರಲ್ಲಿ ಸುಟ್ಟುಹೋಗಿತ್ತು.

ಈಗ ಈ ಸೀಮೆಗೆ ಕುದುರೆ ಎಷ್ಟು ದುಬಾರಿಯಾಗಿತ್ತು ಅನ್ನೋದನ್ನ ನೋಡಬೇಕು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿತು, ಕಲಬುರಗಿ ರಾಜಧಾನಿಯಾಯಿತು. 1422ರಲ್ಲಿ ಪಟ್ಟಕ್ಕೆ ಬಂದ ಅಹ್ಮದ್ ಶಾ ಮುಂದೆ ರಾಜಧಾನಿಯನ್ನು ಬೀದರ್‌ಗೆ ಒಯ್ದ. ಒಂದು ರಾಜಧಾನಿಯ ಕಪ್ಪುನೆಲದಿಂದ ಇನ್ನೊಂದರ ಕೆಂಪು ಜಂಬಿಟ್ಟಿಗೆಯ ದಿಬ್ಬಕ್ಕೆ ಹೋಗುವ ದಾರಿಯ ನಡುವೆ ಕಮಲಾಪುರದ ಸೀಮೆ. ಈ ಸುಲ್ತಾನರ ಬಲ ಇದ್ದದ್ದು ಕುದುರೆ ದಂಡಿನಲ್ಲಿ, ಒಳ್ಳೆ ಕುದುರೆ ಬರುತ್ತಿದ್ದದ್ದು ಸಮುದ್ರದ ಆಚೆಯಿಂದ.

ಇದನ್ನ ಕಣ್ಣಾರೆ ನೋಡಿ ಬರೆದವನು ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. 1469ರ ಸುಮಾರಿಗೆ ಹೋರ್ಮುಜ್‌ನಿಂದ ಹಡಗಿನಲ್ಲಿ ಒಂದು ಗಂಡುಕುದುರೆ ಹತ್ತಿಸಿಕೊಂಡು ಚೌಲ್ ಬಂದರಿಗೆ ಬಂದ. ಅವನ ವ್ಯಾಪಾರದ ಬಂಡವಾಳವೇ ಆ ಒಂದು ಪ್ರಾಣಿ. ಜುನ್ನರ್‌ನಲ್ಲಿ ಅಲ್ಲಿನ ಖಾನ ಕುದುರೆಯನ್ನು ಕಿತ್ತುಕೊಂಡು, ಧರ್ಮ ಬದಲಿಸಿದರೆ ಕುದುರೆಯ ಜತೆ ದುಡ್ಡೂ ಕೊಡ್ತೀನಿ ಅಂದನಂತೆ. ಖುರಾಸಾನಿನ ಒಬ್ಬ ಮುಸಲ್ಮಾನನೇ ನಡುವೆ ಬಂದು ಕುದುರೆ ಬಿಡಿಸಿಕೊಟ್ಟ. ಕೊನೆಗೆ ಅದು ಬೀದರ್‌ನಲ್ಲಿ ಮಾರಾಟವಾಯಿತು. ನಿಕಿತಿನ್ ಕಲಬುರಗಿಗೂ ಬಂದಿದ್ದ. ನಮ್ಮ ಆಳಂದದ ಜಾತ್ರೆಯ ಬಗ್ಗೆ ಬರೀತಾನೆ: ಹತ್ತು ದಿನದ ಸಂತೆ, ಮಾರಾಟಕ್ಕೆ 20 ಸಾವಿರದಷ್ಟು ಕುದುರೆ. ಲೆಕ್ಕದಲ್ಲಿ ಸ್ವಲ್ಪ ಉತ್ಪ್ರೇಕ್ಷೆ ಇರಬಹುದು, ಅರ್ಧ ಹಿಡಿದರೂ ಕಮ್ಮಿಯೇನಲ್ಲ.

ನಿಕಿತಿನ್ ಇನ್ನೆರಡು ಮಾತು ಬರೆದಿದ್ದಾನೆ. ಈ ನಾಡಿನಲ್ಲಿ ಕುದುರೆಗೆ ಕಡಲೆ ಹಾಕುತ್ತಾರೆ, ಸಕ್ಕರೆ ಎಣ್ಣೆ ಸೇರಿಸಿ ಖಿಚಡಿ ಬೇಯಿಸಿ ತಿನ್ನಿಸುತ್ತಾರೆ. ಎರಡನೆಯದು, ಇಲ್ಲಿ ಕುದುರೆ ಹುಟ್ಟುವುದಿಲ್ಲ, ಹುಟ್ಟುವುದು ಎತ್ತು, ಎಮ್ಮೆ. ಸಾಮಾನು ಸಾಗುವುದು ಅವುಗಳ ಮೇಲೆ. ಖಿಚಡಿ ತಿನ್ನುವ ಪ್ರಾಣಿಯ ಮೇಲೆ ಯಾರಾದರೂ ಮೂಟೆ ಹೊರಿಸ್ತಾರಾ? ಕುದುರೆಯ ಬೆನ್ನು ಸವಾರನಿಗೆ, ಅವನ ಆಯುಧಕ್ಕೆ, ಒಂದೆರಡು ದಿನದ ಬುತ್ತಿಗೆ. ಮಿಕ್ಕ ಭಾರವೆಲ್ಲ ಎತ್ತಿನ ಮೇಲೆ. ಕುದುರೆ ಸಾಕುವವರು ಇವತ್ತಿಗೂ ಹೇಳುವ ಲೆಕ್ಕ ಹೆಚ್ಚುಕಮ್ಮಿ ಇದೇ: ಸವಾರ, ಜೀನು, ಚೀಲ ಎಲ್ಲ ಸೇರಿ ಕುದುರೆಯ ತೂಕದ ಐದನೇ ಒಂದು ಭಾಗ ದಾಟಬಾರದು. 400 ಕೆ.ಜಿ.ಯ ಕುದುರೆಗೆ 80 ಕೆ.ಜಿ. ಮೈಕಟ್ಟಿನ ಒಬ್ಬ ಸವಾರ ಕೂತು ಜೀನು ಬಿಗಿದರೆ ಅದು ಮುಗಿದೇ ಹೋಯಿತು. ಹಾಗಾಗಿ ಚೀಲ ದೊಡ್ಡದಿದ್ದಷ್ಟೂ ಒಳ್ಳೆಯದು ಅನ್ನೋದು ಅಂಗಡಿಯವನ ಮಾತು, ಸವಾರನ ಮಾತಲ್ಲ.

ಇನ್ನು ಒರೆ. ಕುದುರೆ ಮೇಲಿನ ಬಂದೂಕಿನ ಒರೆಗೆ ಮುಂಚಿನ ರೂಪ ಅಂದರೆ ಬಿಲ್ಲಿನ ಚೀಲ ಮತ್ತು ಬತ್ತಳಿಕೆ. ಬತ್ತಿ ಹಚ್ಚಿ ಹಾರಿಸುವ ಕಾಲದ ಉದ್ದ ಕೋವಿಯನ್ನು ಓಡುವ ಕುದುರೆ ಮೇಲೆ ತುಂಬಿಸಿ ಹಾರಿಸೋದು ಬಹಳ ಕಷ್ಟ. ಹಾಗಾಗಿ ಕೋವಿ ಬಂದ ಮೇಲೂ ಬಹುಕಾಲ ಸವಾರನ ಆಯುಧ ಕತ್ತಿ, ಈಟಿ, ಬಿಲ್ಲುಗಳೇ. ನಳಿಗೆಯ ಬಾಯಿಂದಲ್ಲದೆ ಹಿಂದಿನಿಂದ ಮದ್ದು ತುಂಬುವ ಗಿಡ್ಡ ಬಂದೂಕುಗಳು ಹತ್ತೊಂಬತ್ತನೇ ಶತಮಾನದಲ್ಲಿ ಬಂದಮೇಲೇ ಜೀನಿನ ಪಕ್ಕ ಚರ್ಮದ ಒರೆ ಗಟ್ಟಿಯಾಗಿ ಕೂತದ್ದು. ಬ್ರಿಟಿಷ್ ದಂಡಿನಲ್ಲಿ ಅದಕ್ಕೆ ‘ಬಕೆಟ್’ ಅಂತಲೇ ಹೆಸರು. ಬಂದೂಕಿನ ಹಿಡಿ ಕೆಳಗೆ ಬಕೆಟ್ಟಿನಲ್ಲಿ, ನಳಿಗೆ ಮೇಲಕ್ಕೆ. ಅಮೆರಿಕದವರದು ಉಲ್ಟಾ: ನಳಿಗೆ ಕೆಳಗೆ, ಉದ್ದ ಒರೆಯೊಳಗೆ.

ಎರಡರಲ್ಲೂ ಒಂದೇ ತೊಡಕು. ಸವಾರ ಬಿದ್ದರೆ ಕುದುರೆ ಓಡುತ್ತೆ, ಬಂದೂಕೂ ಅದರ ಜತೆ ಓಡುತ್ತೆ. ಬೆನ್ನಿಗೆ ಹಾಕಿಕೊಂಡರೆ ಬಂದೂಕು ಉಳಿಯುತ್ತೆ, ಆದರೆ ದಿನವಿಡೀ ಬೆನ್ನು ಬಡಿಯುತ್ತೆ, ಬಿದ್ದಾಗ ಬೆನ್ನುಮೂಳೆಗೇ ಕುತ್ತು. ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಕಾಲಾಳಿಗೂ ಸವಾರನಿಗೂ ಒಂದೇ ಇರಲಿ ಅಂತ ಮಾಡಿದ ಗಿಡ್ಡ ಲೀ-ಎನ್‌ಫೀಲ್ಡ್ ರೈಫಲ್ ಕೂಡ ಸುಮಾರು 113 ಸೆಂ.ಮೀ. ಉದ್ದ, 4 ಕೆ.ಜಿ. ತೂಕ. ಅದನ್ನು ಒಂದೇ ಪಕ್ಕಕ್ಕೆ ಕಟ್ಟಿದರೆ ಇನ್ನೊಂದು ಪಕ್ಕಕ್ಕೆ ಏನಾದರೂ ಕಟ್ಟಲೇಬೇಕು. ಬಲಕ್ಕೆ ಬಂದೂಕು, ಎಡಕ್ಕೆ ಕತ್ತಿ. ಮತ್ತೆ ಅಜ್ಜನ ಮಾತೇ: ಎರಡೂ ಕಡಿ ಸಮ.

ಈಗ ಆ ಮರೆತ ಪ್ರಶ್ನೆ. ಈ ಚೀಲ, ಈ ಒರೆ, ಈ ಕುದುರೆ ಯಾರ ದುಡ್ಡಿನದು?

ದಖ್ಖನಿನ ಕುದುರೆ ದಂಡುಗಳಲ್ಲಿ ಸವಾರರು ಎರಡು ಬಗೆ. ಒಬ್ಬ ಶಿಲೇದಾರ. ‘ಸಿಲಾಹ್’ ಅಂದರೆ ಆಯುಧ, ಆಯುಧ ಉಳ್ಳವನು. ಕುದುರೆ ಅವನದೇ, ಜೀನು ಅವನದೇ, ಚೀಲ ಅವನದೇ. ಇನ್ನೊಬ್ಬ ಬಾರಗೀರ. ಪಾರಸಿಯಲ್ಲಿ ‘ಬಾರ್’ ಅಂದರೆ ಭಾರ. ಆ ಪದದ ನೇರ ಅರ್ಥ ಭಾರ ಹೊರುವವನು, ಹೇರುಕುದುರೆಗೂ ಅದೇ ಹೆಸರು. ಧಣಿಯ ಕುದುರೆ ಮೇಲೆ ಧಣಿಯ ಸಾಮಾನು ಇಟ್ಟುಕೊಂಡು ಹೋಗುವ ಸವಾರನಿಗೆ ಆ ಹೆಸರು ಅಂಟಿತು. ಶಿಲೇದಾರ ಅನ್ನೋ ಅಡ್ಡಹೆಸರಿನವರು ನಿಮ್ಮ ಆಫೀಸಿನಲ್ಲೂ ಒಬ್ಬರಿರಬಹುದು, ಕೇಳಿ ನೋಡಿ.

ಶಿಲೇದಾರನಿಗೆ ಮಾನ ಹೆಚ್ಚು, ಸಂಬಳ ಹೆಚ್ಚು. ಆದರೆ ಕುದುರೆ ಸತ್ತರೆ ಅವನು ಮುಗಿದ. ಇದನ್ನೇ ಬ್ರಿಟಿಷರು ‘ಸಿಲ್ಲಾದಾರ್ ಪದ್ಧತಿ’ ಅಂತ ಮಾಡಿಕೊಂಡು ತಮ್ಮ ಬಹುತೇಕ ಭಾರತೀಯ ಕುದುರೆ ರೆಜಿಮೆಂಟುಗಳಲ್ಲಿ ನಡೆಸಿದರು. ನಿಜಾಮರ ಖರ್ಚಿನಲ್ಲಿ ಬ್ರಿಟಿಷ್ ಅಧಿಕಾರಿಗಳು ನಡೆಸುತ್ತಿದ್ದ ಹೈದರಾಬಾದ್ ಕಂಟಿಂಜೆಂಟ್ ಕೂಡ ಅದರಲ್ಲಿ ಒಂದು. ಅದರ ಒಂದು ಠಾಣೆ ನಮ್ಮ ಲಿಂಗಸುಗೂರಿನಲ್ಲಿತ್ತು. ಪದ್ಧತಿ ಹೀಗೆ: ಸೇರುವಾಗ ಸವಾರ ಒಂದಷ್ಟು ಹಣ ಕಟ್ಟಬೇಕು. ಅದಕ್ಕೆ ‘ಅಸಾಮಿ’ ಅಂತ ಹೆಸರು. ನಾವು “ಅವನೊಬ್ಬ ಆಸಾಮಿ” ಅಂತೀವಲ್ಲ, ಅದೇ ಮಾತು. ಕುದುರೆ, ಬಟ್ಟೆ, ಜೀನು, ಚೀಲ ಎಲ್ಲ ಅವನ ಲೆಕ್ಕಕ್ಕೆ. ಇಬ್ಬರು ಸವಾರರಿಗೆ ಸೇರಿ ಸಾಮಾನು ಹೊರಲು ಒಂದು ತಟ್ಟು, ಹುಲ್ಲು ಕೊಯ್ಯಲು ಒಬ್ಬ ಆಳು, ಅದೂ ಅವರ ಸಂಬಳದಲ್ಲೇ. ಸರ್ಕಾರ ಕೊಡುತ್ತಿದ್ದದ್ದು ಬಂದೂಕು ಮತ್ತು ಗುಂಡು.

ಅಂದರೆ ಒರೆಯೊಳಗಿನ ಬಂದೂಕು ಸರ್ಕಾರದ್ದು, ಒರೆ ನೇತಾಡುವ ಕುದುರೆ ಸವಾರನದು. ಯಾವ ಚೀಲ ಬಾಳಿಕೆ ಬರುತ್ತೆ ಅನ್ನೋ ಪ್ರಶ್ನೆ ಅವನಿಗೆ ಹವ್ಯಾಸದ ಪ್ರಶ್ನೆಯಾಗಿರಲಿಲ್ಲ. ಹೊಲಿಗೆ ಬಿಟ್ಟರೆ ಸಂಬಳದಿಂದ ಹಣ ಹೋಗುತ್ತೆ, ಜೀನು ಸರಿಯಾಗಿ ಕೂರದೆ ಬೆನ್ನು ಹುಣ್ಣಾದರೆ ಬದುಕೇ ಹೋಗುತ್ತೆ.

ಶಾಂತಿಯ ಕಾಲದಲ್ಲಿ ಇದು ನಡೆಯಿತು. 1903ರಲ್ಲಿ ಕಂಟಿಂಜೆಂಟ್ ಭಾರತೀಯ ಸೇನೆಗೆ ಸೇರಿ ಅದರ ಒಂದು ರೆಜಿಮೆಂಟು 20ನೇ ಡೆಕ್ಕನ್ ಹಾರ್ಸ್ ಆಯಿತು. 1914ರಲ್ಲಿ ಯುದ್ಧ ಬಂತು, ಅವರನ್ನು ಫ್ರಾನ್ಸ್‌ಗೆ ಕಳಿಸಿದರು. 1916ರ ಜುಲೈ 14ರಂದು ಸೋಮ್ ಕದನದಲ್ಲಿ, ಹೈ ವುಡ್ ಅನ್ನೋ ಕಾಡಿನ ಬಳಿ, ಮಷಿನ್ ಗನ್ ಕಾಲದಲ್ಲಿ ಈಟಿ ಹಿಡಿದು ಕುದುರೆ ಓಡಿಸಿದವರಲ್ಲಿ ಈ ಡೆಕ್ಕನ್ ಹಾರ್ಸ್ ಕೂಡ ಇತ್ತು. ಅಂಥ ಯುದ್ಧದಲ್ಲಿ ಸತ್ತ ಕುದುರೆಗೆ, ಹರಿದ ಜೀನಿಗೆ ಸವಾರನೇ ಹೊಣೆ ಅನ್ನೋ ಲೆಕ್ಕ ನಿಲ್ಲಲಿಲ್ಲ. ಯುದ್ಧ ಮುಗಿದ ಮೇಲೆ, 1921ರ ಸುಮಾರಿಗೆ, ಸಿಲ್ಲಾದಾರ್ ಪದ್ಧತಿಯನ್ನೇ ತೆಗೆದುಹಾಕಿದರು. ಯಾರ ಕೆಲಸವೋ ಅವರೇ ಸಾಮಾನು ಕೊಡಬೇಕು ಅನ್ನೋದನ್ನು ಒಪ್ಪೋಕೆ ಒಂದು ಮಹಾಯುದ್ಧವೇ ಬೇಕಾಯಿತು.

ಶಿಲೇದಾರನ ಹಿಂದೆ ಇನ್ನೊಬ್ಬರು ಬರುತ್ತಿದ್ದರು, ಭಾರದ ಎತ್ತುಗಳ ಜತೆ: ಲಂಬಾಣಿಗರು. ದಂಡಿಗೆ ಧಾನ್ಯ, ಊರಿಗೆ ಉಪ್ಪು ಸಾಗಿಸಿದವರು. 1632ರಲ್ಲಿ ಉತ್ತರ ಭಾರತದಲ್ಲಿ ಪೀಟರ್ ಮಂಡಿ ಅನ್ನೋ ಇಂಗ್ಲಿಷ್ ವ್ಯಾಪಾರಿ ಎದುರಾದ ಒಂದು ತಾಂಡಾದಲ್ಲೇ 14 ಸಾವಿರ ಎತ್ತುಗಳಿದ್ದವು ಅಂತ ಬರೆದಿಟ್ಟಿದ್ದಾನೆ. 1803ರ ದಖ್ಖನ್ ಯುದ್ಧದಲ್ಲಿ ಆರ್ಥರ್ ವೆಲ್ಲೆಸ್ಲಿಯ ಸೈನ್ಯದ ಹೊಟ್ಟೆ ತುಂಬಿಸಿದವರಲ್ಲಿ ಇವರೂ ಇದ್ದರು. ಎತ್ತಿನ ಬೆನ್ನಿಗೆ ಅಡ್ಡ ಹಾಕಿದ ಜೋಡಿ ಗೋಣಿ, ಒಂದು ಒಂದೂವರೆ ಕ್ವಿಂಟಲ್ ಭಾರ, ಮೇಯಿಸುತ್ತಾ ಮೇಯಿಸುತ್ತಾ ದಿನಕ್ಕೆ ಹತ್ತು ಹನ್ನೆರಡು ಕಿ.ಮೀ. ನಡಿಗೆ. ರಾತ್ರಿ ಇಳಿಸಿದ ಗೋಣಿಗಳನ್ನು ಸುತ್ತ ಪೇರಿಸಿದರೆ ಅದೇ ಕೋಟೆ.

ಅವರ ಚೀಲಕ್ಕೆ ಏನು ಬಳಸಿದರು? ಇಲ್ಲಿ ಬೆಳೆದದ್ದನ್ನೇ. ಸೆಣಬು, ಪುಂಡಿ. ಹೌದು, ಜೋಳದ ರೊಟ್ಟಿ ಜತೆ ನಾವು ಚಪ್ಪರಿಸುವ ಪುಂಡಿಪಲ್ಯದ ಪುಂಡಿಯೇ. ಎಲೆ ಅಡುಗೆಗೆ, ಕಾಂಡದ ನಾರು ಹಗ್ಗಕ್ಕೆ; ಇಂಗ್ಲಿಷಿನವರು ಅದನ್ನ ‘ಡೆಕ್ಕನ್ ಹೆಂಪ್’ ಅಂತಲೇ ಕರೆದರು. ಚರ್ಮಕ್ಕೆ ಹದ ಕೊಡಲು ತಂಗಡಿ ಗಿಡದ ತೊಗಟೆ. ಇವು ಎಂದೆಂದಿಗೂ ಹರಿಯದ ವಸ್ತುಗಳಲ್ಲ. ಹರಿದರೆ ಮುಂದಿನ ಊರಿನಲ್ಲೇ ಹೊಲಿಸಬಹುದು, ಅದೇ ಅವುಗಳ ಬಾಳಿಕೆ. ಗೆಳೆಯನ ಬ್ಯಾಗಿನ ತೂತಿಗೆ ತೇಪೆ ಹಾಕೋಕೆ ಕಮಲಾಪುರದಲ್ಲಿ ಯಾರಿಗೂ ಆಗಲಿಲ್ಲ. ಆ ಬಟ್ಟೆಗೆ ಸೂಜಿ ಇಳಿಸಿದರೆ ಇನ್ನಷ್ಟು ಸೀಳುತ್ತಿತ್ತು.

1871ರಲ್ಲಿ ಸೊಲ್ಲಾಪುರದ ಕಡೆಯಿಂದ ಬಂದ ರೈಲು ಕಲಬುರಗಿ, ವಾಡಿ ದಾಟಿ ರಾಯಚೂರು ಮುಟ್ಟಿತು. ಎತ್ತಿನ ಹೇರಿನ ಕಾಲ ಮುಗಿಯತೊಡಗಿತು. ಅದೇ ವರ್ಷ ಬ್ರಿಟಿಷ್ ಭಾರತದಲ್ಲಿ ‘ಅಪರಾಧಿ ಬುಡಕಟ್ಟು’ ಕಾಯ್ದೆ ಬಂತು. ಮುಂದೆ ಬೇರೆ ಬೇರೆ ಪ್ರಾಂತ್ಯಗಳಲ್ಲಿ ಬಂಜಾರರನ್ನೂ ಅದರ ಪಟ್ಟಿಗೆ ಸೇರಿಸಿದರು. ನಿನ್ನೆ ದಂಡಿಗೆ ಅನ್ನ ಹೊತ್ತವರು ಇವತ್ತು ಅನುಮಾನಿತರು. 1952ರಲ್ಲಿ ಆ ಕಾಯ್ದೆ ಹೋಯಿತು. ಬೆನ್ನ ಮೇಲಿನ ಭಾರ ಇಳಿಸಿ ನೆಲೆ ನಿಂತ ತಾಂಡಾಗಳ ಮನೆಗಳಿಗೆ ಕಾಗದಪತ್ರ ಸಿಗೋಕೆ ಇನ್ನೂ ಎಷ್ಟೋ ವರ್ಷ ಬೇಕಾಯಿತು: 2023ರ ಜನವರಿ 19ರಂದು ಮಳಖೇಡದಲ್ಲಿ, ಐದು ಜಿಲ್ಲೆಗಳ ಸುಮಾರು 50 ಸಾವಿರ ಕುಟುಂಬಗಳಿಗೆ ಹಕ್ಕುಪತ್ರ ಕೊಡುವ ಕಾರ್ಯಕ್ರಮ ನಡೆಯಿತು.

ಚಹಾದಂಗಡಿಯಲ್ಲಿ ಇಷ್ಟೆಲ್ಲ ಹೇಳಿದ್ದಕ್ಕೆ ಗೆಳೆಯ, “ಎಲ್ಲ ಸರಿ ಮಾರಾಯ, ನಾನು ಯಾವ ಬ್ಯಾಗು ತಗೋಬೇಕು?” ಅಂದ. ನ್ಯಾಯವಾದ ಪ್ರಶ್ನೆ. ನಾನು ಹೇಳಿದ್ದು ಇಷ್ಟು. ಎರಡೂ ಹೊಟ್ಟೆಗೆ ಸಮ ತುಂಬು. ಮನೆಯಲ್ಲೇ ತೂಗಿ ನೋಡು. ಭಾರದ್ದು ಕೆಳಗೆ, ಗಾಡಿಯ ನಡುವಿಗೆ ಹತ್ತಿರ. ಬಲಗಡೆ ಸೈಲೆನ್ಸರಿಗೆ ತಗುಲದಂತೆ ಕಬ್ಬಿಣದ ತಡೆ ಹಾಕಿಸು. ಬಿಸಿಲಿಗೆ ಒಣಗಿ ಸೀಳುವ ಅಗ್ಗದ ಚರ್ಮಕ್ಕಿಂತ ದಪ್ಪ ಕ್ಯಾನ್ವಾಸ್ ವಾಸಿ, ಯಾವ ಮೋಚಿಯಾದರೂ ಹೊಲಿಯಬಲ್ಲ. ಕುದುರೆ ಮೇಲೇ ಹೋಗೋದಾದರೆ ಚೀಲ ಸಣ್ಣದಿರಲಿ, ಒಂದು ತಾಸಿಗೊಮ್ಮೆ ಇಳಿದು ಚೀಲದ ಕೆಳಗೆ ಕೈ ಹಾಕಿ ನೋಡು, ಬೆನ್ನು ಬಿಸಿಯಾಗಿ ಕೆರಳಿದ್ದರೆ ಬಿಚ್ಚು. ಬಂದೂಕಿನ ಒರೆ ಮರೆತುಬಿಡು. 1959ರ ಆಯುಧ ಕಾಯ್ದೆಯ ಪ್ರಕಾರ ಲೈಸೆನ್ಸ್ ಇಲ್ಲದೆ ಬಂದೂಕು ಇಟ್ಟುಕೊಳ್ಳುವಂತಿಲ್ಲ, 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಬೇಟೆಯ ಮಾತೂ ಇಲ್ಲ. ಟ್ರೈಪಾಡ್ ಬೇಕಾದರೆ ಅದರಲ್ಲಿಡು, ಆದರೆ ಇನ್ನೊಂದು ಪಕ್ಕಕ್ಕೆ ನೀರಿನ ಬಾಟ್ಲಿ ಕಟ್ಟು.

ಅವತ್ತು ಬೀದರ್ ಬೇಡ ಅಂತ ಕಮಲಾಪುರದಿಂದಲೇ ವಾಪಸ್ ತಿರುಗಿದ್ವಿ. ನೀರಿನ ಬಾಟ್ಲಿಗಳನ್ನೆಲ್ಲ ಎಡಗಡೆಗೆ ಹಾಕಿ, ತೂತಿಗೆ ಅಜ್ಜ ಕೊಟ್ಟ ಗೋಣಿತುಂಡು ತುರುಕಿದ್ವಿ. ಎರಡೂ ಕಡೆಗೆ ಒಂದೊಂದು ಗೊನೆಯಷ್ಟು ಕೆಂಪು ಬಾಳೆಹಣ್ಣು. ಬ್ಯಾಗು ಅಲುಗಾಡಲಿಲ್ಲ.

ಕಲಬುರಗಿ ಸ್ಟೇಷನ್ ರಸ್ತೆಯ ಸಿಗ್ನಲ್‌ನಲ್ಲಿ ನಮ್ಮ ಪಕ್ಕಕ್ಕೆ ಒಬ್ಬ ಡೆಲಿವರಿ ಹುಡುಗ ಬಂದು ನಿಂತ. ಬೆನ್ನಿಗೆ ಚೌಕದ ದೊಡ್ಡ ಚೀಲ, ಅದರ ಜಿಪ್ಪು ಹೋಗಿ ಸುತಲಿ ಕಟ್ಟಿದ್ದ. ಬೈಕು ಅವನದೇ, ಪೆಟ್ರೋಲು ಅವನದೇ, ಫೋನು ಅವನದೇ. ಚೀಲಕ್ಕೂ ಟೀ ಶರ್ಟಿಗೂ ದುಡ್ಡು ಕೊಟ್ಟೇ ತಗೊಂಡಿದ್ದೀನಿ ಅಂದ. ಕಂಪನಿಯದು ಏನು ಅಂತ ಕೇಳಿದರೆ “ಆ್ಯಪ್” ಅಂದ. ಅದೊಂದು ಬಂದೂಕು ಅಂದುಕೊಳ್ಳಿ. 2025ರಲ್ಲಿ ಕರ್ನಾಟಕ ಗಿಗ್ ಕಾರ್ಮಿಕರ ಕಲ್ಯಾಣಕ್ಕೆ ಕಾಯ್ದೆ ಮಾಡಿದೆ, ಕಂಪನಿಗಳಿಂದ ಕಲ್ಯಾಣ ನಿಧಿಗೆ ಶುಲ್ಕ ವಸೂಲಿ ಮಾಡುವ ಏರ್ಪಾಡು ಅದರಲ್ಲಿದೆ. ಇದು ಒಂದು ಹೆಜ್ಜೆ. ಬೈಕು ಕೆಟ್ಟರೆ ಇವತ್ತಿಗೂ ಅವನು ಕುದುರೆ ಸತ್ತ ಶಿಲೇದಾರನೇ.

ಸಿಗ್ನಲ್ ಬಿಟ್ಟಿತು. ಗೆಳೆಯ ಹೊಸ ಬ್ಯಾಗಿನ ಆರ್ಡರ್ ಇನ್ನೂ ಕೊಟ್ಟಿಲ್ಲ. ಸುಟ್ಟ ಬ್ಯಾಗಿಗೆ ಸೂಪರ್ ಮಾರ್ಕೆಟ್ ಹತ್ತಿರದ ಮೋಚಿಯೊಬ್ಬರು ಕ್ಯಾನ್ವಾಸ್ ತೇಪೆ ಅಂಟಿಸಿ, ಸುತ್ತ ಚರ್ಮ ಸೇರಿಸಿ ಹೊಲಿದುಕೊಟ್ಟರು. ಎಷ್ಟು ದಿನ ಬರುತ್ತೆ ಅಂದಿದ್ದಕ್ಕೆ, “ನೀವು ಎಷ್ಟು ಹೊರಿಸ್ತೀರಿ ಅದರ ಮ್ಯಾಗ ಅದ” ಅಂದ್ರು.